ಸ್ಪೇನಿನ ಹಾಡುಗಾರನೂ ನನ್ನ ಪಲ್ಲವಿಯೂ

ಮಕ್ಕಳ ಪರೀಕ್ಷೆಗೆ ಮಕ್ಕಳಿಗಿಂತ ಅಜ್ಜಿಯರೇ ಹೆಚ್ಚು ಹೆದರುತ್ತಾರಂತೆ. ನಿಜ. ಈಗ ಇದನ್ನು ಫೋನಿನಲ್ಲಿ ಒಂದೇ ಬೆರಳಿಂದ ಒತ್ತುವಾಗಲೂ ನನ್ನೆದೆ ಡವಡವ ಅನ್ನುತ್ತಿದೆ. ಈ ಕೊಲ್ಲಿ ದೇಶದಲ್ಲಿ, ಅಲ್ ಮನ್ಸೂರಾದ ನಮ್ಮ ಫ್ಲ್ಯಾಟಿನಿಂದ ಅಲ್ ಗರಾಫಾದ ಸ್ಕೂಲಿಗೆ ಹೋಗುವ ಮೊಮ್ಮಗಳು ಅನ್ವಿ ಸ್ಪ್ಯಾನಿಷ್ ಕಲಿಯುತ್ತಾಳೆ. ಅಪ್ಪ ಅಮ್ಮಂದಿರ ಮುಂದೆ ಸ್ಪೇನಿನ ಒಬ್ಬ ಹಾಡುಗಾರನ ಜೀವನ ಹೇಳಬೇಕು. ಚೆನ್ನಾಗಿ ಹೇಳಿದವರಿಗೆ ಆ್ಯನುಯಲ್ ಡೇಯಲ್ಲಿ ಒಬ್ಬರೇ ಹಾಡುವ ಅವಕಾಶ. ಈ ಹುಡುಗಿಗೆ ಹಾಡೆಂದರೆ ಪ್ರಾಣ. ನಾಲ್ಕು ಜನರೆದುರು ಮಾತಾಡು ಎಂದರೆ ಪ್ರಾಣವೇ ಹೋಗುತ್ತದೆ.

ಅವಳ ಬಾಯಲ್ಲಿ ಕೇಳಿ ಕೇಳಿ ಅವನ ಕಥೆಯನ್ನೂ ಹಾಡನ್ನೂ ನಾನು ಅರೆದು ಕುಡಿದಿದ್ದೆ. ಮೀನು ಹಿಡಿಯುವವನ ಮಗ. ಚಿಕ್ಕಪ್ಪನ ಹಳೇ ಗಿಟಾರಿಗೆ ತಾನೇ ಹಾಡು ಕಟ್ಟಿ ಮದುವೆಮನೆಗಳಲ್ಲಿ ಹಾಡಿದ. ಊಟದ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಪಾಪ, ನಮ್ಮ ವಾಲಗದವರ ಪಾಡೇ. ಮ್ಯಾಡ್ರಿಡ್‌ನಲ್ಲಿ ಮೊದಲ ಆಲ್ಬಮ್ ಮಕಾಡೆ ಮಲಗಿತು, ಎರಡನೆಯದು ದೇಶವನ್ನೇ ಕುಣಿಸಿತು. ಆಮೇಲೊಂದು ಸಂಜೆ ವೇದಿಕೆಯ ಮೇಲೇ ಧ್ವನಿ ಕೈಕೊಟ್ಟಿತು. ವರ್ಷಗಟ್ಟಲೆ ಬೇರೆಯವರಿಗೆ ಹಾಡು ಬರೆದುಕೊಟ್ಟು, ಕೊನೆಗೆ ಒಡಕು ದನಿಯಲ್ಲೇ ಮತ್ತೆ ಹಾಡಿ ಗೆದ್ದ.

"ಮರ್ತೋದ್ರೆ ಏನ್ಮಾಡ್ಲಿ ಅಜ್ಜಿ?"

"ಹರಿಕಥೆ ದಾಸರು ಏನ್ಮಾಡ್ತಾರೆ? ಪಲ್ಲವಿ ಎತ್ತಿಬಿಡ್ತಾರೆ. ಜನ ತಾಳ ಹಾಕ್ತಿರೋವಾಗ ಕಥೆ ನೆನಪಾಗತ್ತೆ."

"ಅದು ಚೀಟಿಂಗ್!"

"ಅಲ್ಲ ಕಣೇ, ಸಂಪ್ರದಾಯ."

ಆ ದಿನ ಚೆನ್ನಾಗಿಯೇ ಹೇಳುತ್ತಿದ್ದಳು. ವೇದಿಕೆಯ ಮೇಲೆ ಅವನ ಧ್ವನಿ ನಿಂತುಹೋಯಿತು ಎನ್ನುವಲ್ಲಿಗೆ ಬಂದು ತಾನೂ ನಿಂತುಬಿಟ್ಟಳು. ಜನ ಅಭಿನಯವೆಂದುಕೊಂಡು ತಲೆದೂಗಿದರು. ಮರೆತಿದ್ದಾಳೆಂದು ನನಗೆ ಗೊತ್ತಿತ್ತು, ಅವಳ ಬೆರಳುಗಳು ಫ್ರಾಕಿನ ಅಂಚನ್ನು ಹಿಂಡುತ್ತಿದ್ದವು. ತಲೆದೂಗುವುದೂ ನಿಂತಿತು. ಟೀಚರ್ ಮುಂದಿನ ಮಗುವಿನತ್ತ ನೋಡಿದರು. ಪಕ್ಕದಲ್ಲಿ ಮಗ "ಖಲಾಸ್" ಎಂದು ಉಸಿರುಬಿಟ್ಟ. ಸೊಸೆ ನನ್ನ ಮೊಣಕೈ ಹಿಡಿದು, "ಅತ್ತೆ, ದಮ್ಮಯ್ಯ, ನೀವು ಸುಮ್ನಿರಿ" ಎಂದಳು. ನಾನಿನ್ನೂ ಬಾಯಿಯನ್ನೇ ತೆರೆದಿರಲಿಲ್ಲ! ಹೇಗೂ ಬೈಸಿಕೊಂಡಾಯಿತಲ್ಲ ಎಂದು ಎದ್ದು ನಿಂತು, ಚಪ್ಪಾಳೆ ತಟ್ಟುತ್ತಾ, ಅವನ ಹಾಡಿನ ಪಲ್ಲವಿ ಎತ್ತಿಯೇಬಿಟ್ಟೆ.

ಸಭೆಯೆಲ್ಲ ತಿರುಗಿ ನೋಡಿತು. "ಅಯ್ಯೋ ಅಜ್ಜಿ, ಹಾಗಲ್ಲ!" ಎಂದು ಅನ್ವಿ ಮೈಕಿನಲ್ಲೇ ಕೂಗಿ, ತಡೆಯಲಾರದೆ ತಾನೇ ಹಾಡತೊಡಗಿದಳು. ಜನ ನನ್ನ ಚಪ್ಪಾಳೆಗೆ ಸೇರಿಕೊಂಡರು. ಹಾಡು ಮುಗಿಯುವಷ್ಟರಲ್ಲಿ ಕಥೆ ನೆನಪಾಯಿತು, ದಡವೂ ಸೇರಿತು. ಆ್ಯನುಯಲ್ ಡೇ ಹಾಡು ಅವಳಿಗೇ ಸಿಕ್ಕಿತು.

ಹೊರಡುವಾಗ ಟೀಚರ್ ನನ್ನ ಕೈ ಕುಲುಕಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸೊಸೆ ಬಿಡಿಸಿ ಹೇಳಿದಳು: "ಮಗು ತಿದ್ಲಿ ಅಂತ ನೀವು ಬೇಕಂತ್ಲೇ ಅಪಸ್ವರದಲ್ಲಿ ಹಾಡಿದ್ರಂತೆ ಅತ್ತೆ. ಎಂಥಾ ಉಪಾಯ ಅಂತಿದಾರೆ."

ನಾನು ಗಂಭೀರವಾಗಿ ತಲೆಯಾಡಿಸಿದೆ. ಶುದ್ಧ ಶ್ರುತಿಯಲ್ಲಿ ಹಾಡಿದ್ದೇನೆ ಎಂದು ಅಲ್ಲಿಯವರೆಗೂ ಉಬ್ಬಿಹೋಗಿದ್ದೆ ಎಂಬುದನ್ನು ಯಾರಿಗೆ ಹೇಳಲಿ?