ಟೇಪು ಹಿಡಿದ ಟೈಲರಮ್ಮ

ಟೈಲರಮ್ಮನ ತಮ್ಮ ಹೊಸ ಕ್ಯಾಮೆರಾ ಕೊಂಡು, ಹಳೆಯದನ್ನು ಅಕ್ಕನಿಗೆ ದಾಟಿಸಿದ. ಜೊತೆಗೆ ಒಂದೇ ಲೆನ್ಸು ಕೊಟ್ಟಿದ್ದರೆ ಫಜೀತಿ ಇರಲಿಲ್ಲ, ಎರಡು ಕೊಟ್ಟ. ಒಂದು ಇಪ್ಪತ್ತೆಂಟು ಮಿಲಿಮೀಟರಿನ ಗಿಡ್ಡ. ಇಡೀ ಬೀದಿಯನ್ನೇ ಬಾಚಿಕೊಳ್ಳುತ್ತದೆ, ಆದರೆ ಜನರ ಮೂಗಿನ ತುದಿಗೆ ಹೋಗಿ ನಿಲ್ಲಬೇಕು. ಇನ್ನೊಂದು ಎಂಬತ್ತೈದರ ಉದ್ದದ್ದು. ದೂರದಲ್ಲಿ ನಿಂತೇ ಒಂದು ಮುಖವನ್ನು ಎಳೆದು ತರುತ್ತದೆ.

ಅಂದು ಬೀದಿ ಕೊನೆಯ ಫೋಟೋ ಸ್ಟುಡಿಯೋದವರ ಬೀದಿ ಫೋಟೋ ಸ್ಪರ್ಧೆ. ಸಂಜೆ ಐದರೊಳಗೆ ಒಂದು ಚಿತ್ರ ಕಳಿಸಬೇಕು. ಗೆದ್ದ ಚಿತ್ರ ಗಾಜಿನ ಕಿಟಕಿಯಲ್ಲಿ, ಕೆಳಗೆ ತೆಗೆದವರ ಹೆಸರು. ಇಪ್ಪತ್ತೆರಡು ವರ್ಷ ಬೀದಿಯವರ ಬಟ್ಟೆ ಹೊಲಿದರೂ ಟೈಲರಮ್ಮ ಎಲ್ಲರಿಗೂ ಬರೀ ಟೈಲರಮ್ಮ. ಒಂದೇ ಒಂದು ಸಲ ತನ್ನ ಹೆಸರನ್ನು ಗಾಜಿನ ಹಿಂದೆ ಓದಬೇಕೆಂಬ ಆಸೆಯನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

"ಉದ್ದದ್ದೇ ಹಾಕು. ದೊಡ್ಡ ವಸ್ತು, ದೊಡ್ಡ ಕೆಲಸ," ಎಂದ ಗಂಡ.

"ಹಾಗಿದ್ರೆ ನಿಮ್ಮ ಹೊಟ್ಟೆ ಎಷ್ಟು ಕೆಲಸ ಮಾಡಬೇಕಿತ್ತು ರೀ!"

ಮಹಡಿಯ ಅಜ್ಜಿ ಮೇಲಿನಿಂದಲೇ ಕೂಗಿದಳು. "ಗಿಡ್ಡದ್ದು ಹಾಕಮ್ಮ. ಉದ್ದದ್ದು ಹಿಡಿದು ನಿಂತ್ರೆ ಯಾರ ಮನೇಲಿ ಇಣುಕ್ತಿದೀಯ ಅಂತ ಕೇಳ್ತಾರೆ."

ಮೀನಮೇಷ ಎಣಿಸುತ್ತಲೇ ನಾಲ್ಕು ಗಂಟೆಯಾಯಿತು. ಅಳತೆಯಿಲ್ಲದೆ ಕತ್ತರಿ ಹಾಕುವ ಜಾಯಮಾನ ಅವಳದಲ್ಲ. ಎಲ್ಲಿ ನಿಂತರೆ ಯಾವ ಲೆನ್ಸು ಎಂದು ಅಳೆದೇ ನೋಡೋಣವೆಂದು, ಟೇಪಿನ ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟು ಬೀದಿಗಿಳಿದಳು. ಗಿಡ್ಡ ಟೇಪು, ಇಬ್ಬರೂ ಕಪ್ಪೆಗಳಂತೆ ಕುಪ್ಪಳಿಸುತ್ತ, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ರಸ್ತೆಗೆ ಗುರುತು ಹಾಕುತ್ತ ಸಾಗಿದರು.

ಚಹಾದಂಗಡಿಯವನು ಸೌಟು ಹಿಡಿದೇ ಓಡಿಬಂದ. "ಏನ್ ಸಾರ್, ರಸ್ತೆ ಅಗಲ ಮಾಡ್ತಾರಾ?"

"ನಂಗೇನೂ ಗೊತ್ತಿಲ್ಲಪ್ಪ," ಎಂದ ಗಂಡ. ಗೊತ್ತಿಲ್ಲ ಎಂದವನಿಗೇ ಎಲ್ಲ ಗೊತ್ತಿರುತ್ತದೆಂಬುದು ಬೀದಿಯ ನಂಬಿಕೆ. ಟೈಲರಮ್ಮನನ್ನು ಕೇಳೋಣವೆಂದರೆ ಅವಳ ಹಲ್ಲುಗಳ ನಡುವೆ ಸೀಮೆಸುಣ್ಣ.

ಕೊನೆಗೂ ಗಿಡ್ಡ ಲೆನ್ಸೇ ಸರಿಯೆಂದು ತೀರ್ಮಾನಿಸಿ ಅವಳು ತಲೆಯೆತ್ತಿದರೆ, ಬೀದಿ ತೊಳೆದಿಟ್ಟ ತಟ್ಟೆ! ಚಹಾದ ಬೆಂಚು ಒಳಗೆ, ಹಣ್ಣಿನ ಗಾಡಿ ಓಣಿಯೊಳಗೆ, ಕ್ಷೌರದಂಗಡಿಯವನ ಕುರ್ಚಿ ಅರ್ಧ ಬೋಳಿಸಿದ ಗಿರಾಕಿಯ ಸಮೇತ ಬಾಗಿಲ ಹಿಂದೆ.

"ಅಯ್ಯೋ, ಫೋಟೋಗೆ ಕಣ್ರಪ್ಪಾ! ಎಲ್ಲಾ ಮೊದಲಿದ್ದ ಹಾಗೇ ಬನ್ನಿ!"

ಬಂದರು. ತಲೆ ಬಾಚಿಕೊಂಡು, ಗುಂಡಿ ಹಾಕಿಕೊಂಡು ಮೂರು ಸಾಲಾಗಿ ನಿಂತರು.

"ಹೀಗಲ್ಲ! ನಿಮ್ಮ ಪಾಡಿಗೆ ನೀವಿರಿ."

"ನಮ್ಮ ಪಾಡಿಗೇ ನಿಂತಿದೀವಿ, ಹೊಡೀರಮ್ಮ!"

ಹತ್ತಿರ ಹೋದರೆ ಮರದ ಗೊಂಬೆಗಳಾಗುತ್ತಾರೆ. ಹಾಗಾದರೆ ದೂರದಿಂದ, ಉದ್ದದ್ದು! ಸೀಮೆಸುಣ್ಣವನ್ನು ಮತ್ತೆ ಹಲ್ಲಲ್ಲಿ ಕಚ್ಚಿ, ಒಂದು ಲೆನ್ಸನ್ನು ಕಂಕುಳಲ್ಲಿ ಸಿಕ್ಕಿಸಿ ಇನ್ನೊಂದನ್ನು ತಿರುಗಿಸುವಷ್ಟರಲ್ಲಿ ಮತ್ತೆ ಅನುಮಾನ. ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಕೊರಳಿನ ಟೇಪಿನ ತುದಿ ಇನ್ನೂ ಗಂಡನ ಕೈಯಲ್ಲೇ ಇತ್ತು. ಅವಳು ತಿರುಗಿದತ್ತ ಅವನೂ ಸುತ್ತಿದ. ಸಾಲುಗಳು ಮುರಿದು ಬೀದಿಯೇ ಹೊಟ್ಟೆ ಹಿಡಿದು ನಕ್ಕಿತು. ಗಿರಾಕಿಯ ಇನ್ನರ್ಧ ತಲೆ ಬಾಕಿಯಿದೆಯೆಂದು ಕ್ಷೌರದಂಗಡಿಯವನು ಒಳಗೆ ಹೋದ. ಅಷ್ಟರಲ್ಲಿ ಗಡಿಯಾರ ಐದು ಹೊಡೆಯಿತು.

ಏಳು ಗಂಟೆಗೆ, ಬೇಡಬೇಡವೆಂದರೂ ಅವಳ ಕಾಲು ಸ್ಟುಡಿಯೋ ಕಡೆಗೇ ನಡೆಯಿತು. ಗಾಜಿನ ಹಿಂದೆ ಆಳೆತ್ತರದ ಚಿತ್ರ: ಹಲ್ಲಲ್ಲಿ ಸೀಮೆಸುಣ್ಣ, ಕಂಕುಳಲ್ಲಿ ಲೆನ್ಸು, ಲಗಾಮು ಹಿಡಿದಂತೆ ಟೇಪು ಹಿಡಿದ ಗಂಡ, ಹಿಂದೆ ಬಾಯ್ತುಂಬ ನಗುವ ಬೀದಿ. ತಾನು ತೆಗೆಯಬೇಕೆಂದಿದ್ದ ಚಿತ್ರವೇ! ಕೆಳಗೆ ದಪ್ಪಕ್ಷರದಲ್ಲಿ ಹೆಸರು, ಕ್ಷೌರದಂಗಡಿಯವನದು.

ತನ್ನ ಹೆಸರಿರಬೇಕಿದ್ದ ಜಾಗವನ್ನು ಇನ್ನೊಮ್ಮೆ ಓದಿದಳು. ಆದರೆ ಆ ಸೀಮೆಸುಣ್ಣದ ಮುಖ ನೋಡಿ ಅವಳಿಗೇ ನಗು ತಡೆಯಲಾಗಲಿಲ್ಲ.

"ಮೊಬೈಲಲ್ಲಿ ಸುಮ್ನೆ ಒತ್ತಿ ಕಳಿಸ್ದೆ ಅಕ್ಕಾ," ಎನ್ನುತ್ತ ಪಕ್ಕಕ್ಕೆ ಬಂದ ಅವನು ಪುಟ್ಟ ಡಬ್ಬಿಯೊಂದನ್ನು ಚಾಚಿದ. "ಬಹುಮಾನ. ಐವತ್ತು ಮಿಲಿಮೀಟರಿನ ಲೆನ್ಸಂತೆ. ನಾನಿಟ್ಕೊಂಡು ಏನ್ ಮಾಡ್ಲಿ? ನೀವೇ ಇಟ್ಕೊಳ್ಳಿ."

ಮನೆಗೆ ಬಂದು ಹೊಲಿಗೆ ಯಂತ್ರದ ಮೇಲೆ ಮೂರನ್ನೂ ಸಾಲಾಗಿ ಜೋಡಿಸಿದಳು. ಗಿಡ್ಡದ್ದು, ನಡುವಿನದು, ಉದ್ದದ್ದು.

"ರೀ, ನಾಳೆ ಯಾವುದು ಹಾಕ್ಲಿ?"

ಗಂಡ ಎದ್ದು, ಟೇಪಿನ ತುದಿ ಹಿಡಿದು ನಿಂತ.