ಉಮಾಬಾಯಿಯ ಗುಂ ಗುಂ

"ಇನ್ನ ಮ್ಯಾಲೆ ಹಾಡೂ ನಂದೇ, ಬೇಸ್ ಗಿಟಾರೂ ನಂದೇ! ತಾಂಡೂರಿನ ಪ್ರೋಗ್ರಾಮ್ ಚೊಲೊ ಆತಂದ್ರ ಗಿಟಾರ್ ನನ್ನ ಕೈಯಾಗ, ಲಟ್ಟಣಿಗಿ ನಿನ್ನ ಕೈಯಾಗ. ಹಮೇಶಾ!"

ಜಹೀರಾಬಾದಿನ ಓಣಿಯ ಎಮ್ಮೆಗಳೂ ಮೆಲುಕು ನಿಲ್ಲಿಸಿ ತಿರುಗಿ ನೋಡುವಂತೆ ಮನ್ಮಥಪ್ಪ ಈ ಘೋಷಣೆ ಮಾಡಿದ್ದು ಹೆಂಡತಿ ಉಮಾಬಾಯಿಯ ಎದುರಿಗೆ. ಅವನು ಮನೆಮಂದಿಯ ಆರ್ಕೆಸ್ಟ್ರಾಕ್ಕೆ ಮಾಲಕ, ಗಾಯಕ, ಮತ್ತು ಎಲ್ಲರನ್ನೂ ಬೈಯುವ ಏಕೈಕ ಅಧಿಕಾರಿ. ತಮ್ಮ ಮೊಗಲಪ್ಪ ಡ್ರಮ್ಮು ಬಾರಿಸುವವನು. ಬೇಸ್ ಗಿಟಾರು ಉಮಾಬಾಯಿಯದು.

ಸಿಟ್ಟಿಗೆ ಕಾರಣ ಒಂದು ಹೂವಿನ ಹಾರ. ಹಿಂದಿನ ವಾರ ನಾರಾಯಣಖೇಡದ ಮದುವೆಯಲ್ಲಿ ಹಿರಿಯರೊಬ್ಬರು ಹಾರ ಹಿಡಿದು ಸ್ಟೇಜ್ ಹತ್ತಿದರು. ಮನ್ಮಥಪ್ಪ ನಯವಾಗಿ ಕೊರಳು ಬಾಗಿಸಿದ. ಹಿರಿಯರು ಆ ಕೊರಳನ್ನು ದಾಟಿ ಹಿಂದಕ್ಕೆ ಹೋಗಿ, ಹಾರವನ್ನು ಉಮಾಬಾಯಿಯ ಕೈಗಿಟ್ಟು, "ತಾಯಿ, ನಿನ್ನ ಗುಂ ಗುಂ ಎದಿಯೊಳಗ ಇಳೀತವ್ವ" ಅಂದುಬಿಟ್ಟರು! ಬಾಗಿದ ಕೊರಳು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಮುಖ ಟೊಮ್ಯಾಟೊ ಆಗಿತ್ತು.

ಅಸಲಿಗೆ ಆ ಗಿಟಾರು ಮನೆಗೆ ಬಂದದ್ದೇ ಮನ್ಮಥಪ್ಪನ ಜಾಣತನದಿಂದ. ಹೈದರಾಬಾದಿನಲ್ಲಿ ಹಳೇ ಸಾಮಾನಿನ ಅಂಗಡಿಗೆ ಹೋಗಿ, "ಎರಡು ತಂತಿ ಹರಿದು ಹೋಗ್ಯಾವ, ರೇಟ್ ಇಳಸ್ರಿ" ಅಂತ ಮಧ್ಯಾಹ್ನದ ತನಕ ಜಗಳಾಡಿ ತಂದಿದ್ದ. ಅದು ಹುಟ್ಟಿದ್ದೇ ನಾಲ್ಕು ತಂತಿಯ ಬೇಸ್ ಗಿಟಾರು ಅಂತ ಅಂಗಡಿಯವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಮನೆಗೆ ಬಂದು ಉಳಿದೆರಡು ತಂತಿ ಬಿಗಿಯಲು ಹೋಗಿ ಬೆರಳು ಕೊಯ್ದುಕೊಂಡು, ಗಿಟಾರನ್ನು ಜೋಳದ ಚೀಲದ ಮೇಲೆ ಒಗೆದ.

ಉಮಾಬಾಯಿ ಮೊಗುಡಂಪಲ್ಲಿಯ ಭಜನಿ ಮನೆತನದವಳು. ತಂದೆಯ ಏಕತಾರಿ ಕೇಳುತ್ತಲೇ ಬೆಳೆದ ಕಿವಿ. ಒಲೆಯ ಮೇಲೆ ಹಾಲಿಟ್ಟು, ಉಕ್ಕುವ ತನಕ ಸುಮ್ಮನೆ ಕೂರುವುದೇಕೆ ಅಂತ ಆ ದಪ್ಪ ತಂತಿ ಮೀಟಿದಳು. ಗೂಡಿನಲ್ಲಿದ್ದ ಹಿತ್ತಾಳೆ ತಟ್ಟೆಗಳೆಲ್ಲ ಓಗೊಟ್ಟವು! ಹಾಲು ಉಕ್ಕಿತು, ಆರಿತು, ಒಲೆಯೂ ಆರಿತು. ಯಾರ ಮಾತಿಗೂ ತಲೆ ಎತ್ತದ ಮಾವ ಹೊರಗಿನಿಂದ, "ಸೊಸೀ, ಇನ್ನೊಮ್ಮಿ ಬಾರಸು" ಅಂದ. ಆ ದಿನ ಮನೆಯಲ್ಲಿ ಎಲ್ಲರೂ ಕರೀ ಚಹಾ ಕುಡಿದರು.

ಪೆದ್ದೆಮುಲ್‌ನಲ್ಲಿ ಮೊದಲ ಸಲ ತಲೆ ತುಂಬ ಸೆರಗು ಹೊದ್ದು ಸ್ಟೇಜಿನ ಮೇಲೆ ನಿಂತಾಗ, ಜನ "ಯಾರ ಗಿಟಾರೋ ಹಿಡಕೊಂಡು ನಿಂತಾಳ ಪಾಪ, ಅವರು ಚಹಾ ಕುಡ್ಯಾಕ ಹೋಗ್ಯಾರ" ಅಂದುಕೊಂಡರು. ಧಾರೂರಿಗೆ ಬರುವ ಹೊತ್ತಿಗೆ "ಗುಂ ಗುಂ ಬಾಯಿ ಬರ್ತಾರಿಲ್ಲೋ?" ಅಂತ ಕೇಳಿಯೇ ಪ್ರೋಗ್ರಾಮ್ ಹಿಡಿಯತೊಡಗಿದರು. ಬಸುರಿಯಿದ್ದಾಗ ಗಿಟಾರನ್ನು ಹೊಟ್ಟೆಯ ಮೇಲಿಟ್ಟು ಬಾರಿಸಿದಳು. ಕೂಸು ಹುಟ್ಟಿದ ಮೇಲೆ ಜೋಗುಳಕ್ಕೂ ಅದೇ ಗಿಟಾರು!

ಇನ್ನು ಗಿಟಾರಿನ ಸ್ಪೀಕರ್ ಪೆಟ್ಟಿಗೆ. ಬಡಿಗ ಮಾಡಿಕೊಟ್ಟ ಮಹಾ ಪೆಟ್ಟಿಗೆ, ಮುಂದೆ ಕೆಳಗಡೆ ಮುಷ್ಟಿ ಹಿಡಿಸುವಂಥ ತೂತು. ಬಸ್ಸಿನ ಕಂಡಕ್ಟರ ಗಂಟಿಗೊಂದು ಟಿಕೀಟು ಹರಿಯುತ್ತಾನೆ ಅಂತ ಉಮಾಬಾಯಿ ಊರೂರಿನ ನೆಂಟರಿಗೆ ಮುಟ್ಟಿಸಬೇಕಾದ್ದನ್ನೆಲ್ಲ ಆ ಪೆಟ್ಟಿಗೆಯ ಹೊಟ್ಟೆಗೇ ತುರುಕುತ್ತಿದ್ದಳು. ಹೋಗುವಾಗ ಶಾವಿಗೆ, ಬರುವಾಗ ತೊಗರಿಬೇಳೆ. ಪ್ರೋಗ್ರಾಮಿಗೆ ಮೊದಲು ತಾನೇ ಖಾಲಿ ಮಾಡುತ್ತಿದ್ದಳು. ಪೆಟ್ಟಿಗೆ ಭಾರ ಅಂತ ಮನ್ಮಥಪ್ಪನಿಗೆ ಗೊತ್ತು. ಯಾಕೆ ಭಾರ ಅಂತ ಗೊತ್ತಿಲ್ಲ! ಈ ಸಲ ಅದರೊಳಗೆ ತಾಂಡೂರಿನ ನಾದಿನಿ ಪಾರ್ವತಿಬಾಯಿಗೆಂದು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟ ವರ್ಷದ ಖಾರಪುಡಿ ಇತ್ತು.

"ಒಂದು ಮಾತದರಿ, ಆ ಪೆಟ್ಟಿಗ್ಯಾಗ…" ಅಂತ ಹೊರಡುವ ಹೊತ್ತಿಗೆ ಉಮಾಬಾಯಿ ಬಾಯಿ ತೆರೆದಳು.

"ಪೆಟ್ಟಿಗಿ ಮಾಡಿಸಿದಾಂವ ನಾ. ನನಗೇ ಪಾಠ ಹೇಳ್ತಿ?"

"ಪಾಠ ಅಲ್ರಿ. ಅದರೊಳಗ…"

"ಮೊಗಲ್ಯಾ, ಎತ್ತೋ ಜಲ್ದಿ! ಇಕಿ ಮಾತು ಕೇಳಿದ್ರ ಬಸ್ಸು ನಮ್ಮನ್ನ ಕೇಳಂಗಿಲ್ಲ!"

ಬಸ್ಸು ಹೋಯಿತು. ಉಮಾಬಾಯಿ ಹಿಟ್ಟಿನ ಕೈ ತೊಳೆದು, ಮುಂದಿನ ಬಸ್ಸು ಹಿಡಿದಳು.

ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ ಶಂಕ್ರೆಪ್ಪನ ಮಗಳ ಮದುವೆ. ಹಂದರದ ತುಂಬ ಮಂದಿ. ಮಿಂಚುವ ಕೋಟು ತೊಟ್ಟ ಮನ್ಮಥಪ್ಪ, ಕೇಳಿಸದಂತೆ ಬಾರಿಸಿ ಏನು ಪುಣ್ಯ ಅಂತ ಸೌಂಡಿನ ಗುಂಡಿಯನ್ನು ಕಡೆಯ ತನಕ ತಿರುವಿದ. ಮೊದಲ ಏಟಿಗೆ ಹಂದರದ ಗಳ ನಡುಗಿತು. ಎರಡನೆಯದಕ್ಕೆ ಒಳಗೆ ಚೀಲದ ಗಂಟು ಸಡಿಲಿತು. ಮೂರನೆಯದಕ್ಕೆ ಪೆಟ್ಟಿಗೆ ತೂತಿನಿಂದ ಉಸಿರು ಬಿಟ್ಟಿತು, ಬುಸ್ಸೆಂದು ಕೆಂಪು ಮೋಡ!

"ಶಾಬಾಸ್! ಕೆಂಪು ಹೊಗಿ ಬಿಡ್ಲಿಕತ್ತಾರ!" ಅಂತ ಮಂದಿ ಚಪ್ಪಾಳೆ ತಟ್ಟಿದರು. ಉಮಾಬಾಯಿಗೆ ಎಂದಾದರೂ ಇಂಥ ಚಪ್ಪಾಳೆ ಬಿದ್ದಿತ್ತೇ? ಮನ್ಮಥಪ್ಪ ಉಬ್ಬಿಹೋಗಿ ಇನ್ನೂ ಜೋರಾಗಿ ಬಾರಿಸಿದ. ಬುಸ್! ಬುಸ್! ಬುಸ್!

ಮೊದಲು ಸೀನಿದವನು ಮದುಮಗ. ಬಾಸಿಂಗ ಮಡಿಲಿಗೆ ಬಿತ್ತು. ಆಮೇಲೆ ಮದುಮಗಳು, ಆಶೀರ್ವಾದಕ್ಕೆ ಕೈ ಎತ್ತಿದ್ದ ಸ್ವಾಮಿಗಳು, ಬುಂದಿ ಬಡಿಸುವವರು. ಕನ್ನಡ, ತೆಲುಗು, ಉರ್ದು ಮೂರೂ ಭಾಷೆಯವರು ಒಂದೇ ಭಾಷೆಯಲ್ಲಿ ಸೀನಿದರು! ಕಣ್ಣು ಮುಚ್ಚಿದ್ದ ಮೊಗಲಪ್ಪ ಇದೇ ತಾಳ ಅಂತ ತಿಳಿದು ಸೀನು ಸೀನಿಗೂ ಡ್ರಮ್ಮು ಹೊಡೆದ. ಕಡೆಗೆ ಮನ್ಮಥಪ್ಪನೇ ಮೈಕಿನಲ್ಲಿ ಸೀನಿದ. ಇಡೀ ಊರಿಗೆ ಕೇಳಿಸಿತು.

"ಯಾವನಂವ ಮಾಲಕ? ಹಿಡೀರಿ ಅವನ್ನ! ಫರಸಿ ಕೊಯ್ಯೋ ಮಶೀನಿನಾಗ ಹಾಕಿ ಕೊಯ್ತೀನಿ!" ಅಂತ ಶಂಕ್ರೆಪ್ಪ ಗರ್ಜಿಸಿದ.

ಮಾಲಕ ಅಷ್ಟರಲ್ಲಿ ಕೋಟು ಬಿಸಾಕಿ, ಹಂದರದ ಹಿಂದೆ ಪಾತ್ರೆ ತೊಳೆಯುವ ನೀರಿನ ಹೌದಿನಲ್ಲಿ ತಲೆ ಮುಳುಗಿಸಿದ್ದ. ಮೂಗು ಊದಿ ಬದನೆಕಾಯಿ. ಗಂಟಲಿನಿಂದ ಗಾಳಿ ಮಾತ್ರ.

ಆಗ ಬಂದಳು ಉಮಾಬಾಯಿ. "ಮೊಗಲಪ್ಪ, ಪೆಟ್ಟಿಗಿ ಹೊರಗ ಹಾಕು. ಹಂದರಕ್ಕ ನೀರು ಹೊಡೀರಿ. ಸ್ವಾಮಿಗೋಳಿಗೆ ಮಜ್ಜಿಗಿ ಕೊಡ್ರಿ." ಪೆಟ್ಟಿಗೆ ಖಾಲಿಯಾಯಿತು, ಒರೆಸಿ ಒಳಗೆ ಬಂತು. ಗುಂಡಿ ಕೆಳಗಿಳಿಯಿತು. ಅವಳು ಸೆರಗು ಸಿಗಿಸಿ ತಂತಿ ಮುಟ್ಟಿದಳು.

ಇಷ್ಟು ವರ್ಷ ಮುಂದೆ ನಿಂತು ಒದರುತ್ತಿದ್ದ ಮನ್ಮಥಪ್ಪ, ಹೆಂಡತಿಯ ಬೇಸನ್ನು ಕೆಳಗೆ ಕುಳಿತು ಕೇಳಿದ್ದು ಅಂದೇ ಮೊದಲು. ಅದು ಕಿವಿಗೆ ಬರಲಿಲ್ಲ. ನೆಲದೊಳಗಿಂದ ಬಂದು, ಅಂಗಾಲು ಹಿಡಿದು, ಮೊಣಕಾಲು ಹತ್ತಿ, ಎದೆಯಲ್ಲಿ ಮೆತ್ತಗೆ ಕುಳಿತಿತು. ಮೊಗಲಪ್ಪನ ಡ್ರಮ್ಮು ಅವಳ ಹಿಂದೆ ಕರುವಿನಂತೆ ನಡೆಯಿತು. ಹಾಡುವವರಿಲ್ಲ, ಆದರೂ ಮಂದಿ ಮೂಗೊರೆಸಿಕೊಂಡು ಎದ್ದರು, ಕುಣಿದರು. ಸ್ವಾಮಿಗಳ ಕಾಲ ಹೆಬ್ಬೆರಳೂ ಕುಣಿಯಿತು. ಪಾತ್ರೆ ತೊಳೆಯುವವಳು ತಾಳಕ್ಕೆ ಸರಿಯಾಗಿ ಬೂದಿ ತಿಕ್ಕಿದಳು. ಮನ್ಮಥಪ್ಪನ ಕಣ್ಣಲ್ಲಿ ನೀರು ಬಂತು. ಇದು ಖಾರದ್ದಲ್ಲ ಅಂತ ಅವನಿಗೇ ಗೊತ್ತಾಯಿತು.

ಅಷ್ಟರಲ್ಲಿ ಶಂಕ್ರೆಪ್ಪನ ಕೈ ಹೆಗಲ ಮೇಲೆ ಬಿತ್ತು.

"ಏ, ಆ ಮಿಂಚೋ ಕೋಟಿನ ಮಾಲಕನ್ನ ಕಂಡಿಯೇನು?"

"ಓಡಿ ಹೋದನ್ರಿ" ಅಂತ ಮನ್ಮಥಪ್ಪ ಪಿಸುಗುಟ್ಟಿದ.

"ನೀ ಯಾರು? ಇಲ್ಲಿ ಯಾಕ ಅಳ್ಳಿಕತ್ತಿ?"

ಮೀಸೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಗಲು ಹಿಡಿದ ಆ ಕೈ ನೋಡಿ, ಅವನು ಜನ್ಮದಲ್ಲಿ ಹೇಳದ ಮಾತು ಹೇಳಿದ. "ನಾ… ಆ ಉಮಾಬಾಯವರ ಗಂಡರಿ."

"ಅರೆ! ಮೊದಲೇ ಹೇಳಬಾರದೇನ್ರಿ ಸಾಹೇಬ್ರ? ಬರ್ರಿ, ಬರ್ರಿ!" ಶಂಕ್ರೆಪ್ಪ ಅವನನ್ನು ಮೊದಲ ಸಾಲಿನಲ್ಲಿ ಕೂಡಿಸಿ, ಬುಂದಿ ಹಾಕಿಸಿ, ಸ್ಟೇಜಿನ ಕಡೆ ಕೂಗಿದ. "ಬಾಯವರ, ಇವರು ನಿಮ್ಮ ಮಂದೀನೇನ್ರಿ?"

ಉಮಾಬಾಯಿ ಬಾರಿಸುವುದು ನಿಲ್ಲಿಸಲಿಲ್ಲ. ಬದನೆಕಾಯಿ ಮೂಗನ್ನು ಒಮ್ಮೆ ನೋಡಿದಳು, ಬುಂದಿಯನ್ನೊಮ್ಮೆ ನೋಡಿದಳು.

"ಹೌದ್ರಿ, ನಮ್ಮವರೇ. ಮನ್ಯಾಗ ಹಪ್ಪಳ ಲಟ್ಟಸ್ರಿ ಅಂದಿದ್ದೆ. ನನ್ನ ಗುಂ ಗುಂ ಕೇಳಾಕ ಆಸೆಪಟ್ಟು ಬಂದಾರ!"