ಏಳನೇ ಬಾಗಿಲಿನ ವಿಚಾರಣೆ

ಫೋನಿನಲ್ಲಿ ಎಮ್ಯುಲೇಟರ್ ಎಂಬುದೊಂದನ್ನು ಹಾಕಿಕೊಳ್ಳದೇ ಹೋಗಿದ್ದರೆ ದುರ್ಗೇಶ ಆ ಗುರುವಾರವನ್ನೂ ಎಲ್ಲ ಗುರುವಾರಗಳಂತೆ ಆಕಳಿಸುತ್ತಲೇ ಕಳೆಯುತ್ತಿದ್ದ. ಟಿವಿಗೆ ವೈರು ಸಿಕ್ಕಿಸಿ, ಕ್ಯಾಸೆಟ್ಟು ಊದಿ ಊದಿ ಆಡುತ್ತಿದ್ದ ಹಳೆಯ ವಿಡಿಯೋ ಗೇಮುಗಳನ್ನೆಲ್ಲ ಅಂಗೈಯಲ್ಲೇ ಆಡಿಸುವ ಆ್ಯಪ್ ಅದು. ಅದರಲ್ಲಿ ಅವನ ಬಾಲ್ಯದ ಕೋಟೆ ಆಟ ಸಿಕ್ಕಿಬಿಟ್ಟಿತ್ತು. ಏಳು ಬಾಗಿಲ ಕೋಟೆ. ಆರು ದಾಟಿ ಏಳನೆಯದನ್ನು ಕಾಯುವ ಬೆಂಕಿಹಾವಿನ ಮುಂದೆ ನಿಂತಾಗೆಲ್ಲ ಹಾನಗಲ್ಲಿನಲ್ಲಿ ಕರೆಂಟು ಹೋಗುತ್ತಿತ್ತು; ಕರೆಂಟು ಇದ್ದ ದಿನ ಅವ್ವ ವೈರು ಕೀಳುತ್ತಿದ್ದಳು. ಆ ಬಾಗಿಲ ಹಿಂದೆ ಏನಿದೆ ಎಂಬುದು ಗೊತ್ತಾಗದೆಯೇ ಅವನಿಗೆ ಮೀಸೆ ಬಂತು, ಮದುವೆಯಾಯಿತು, ಅಕ್ಕಿಆಲೂರಿನ ಸೊಸೈಟಿಯಲ್ಲಿ ಕ್ಲರ್ಕ್ ಕೆಲಸವೂ ಸಿಕ್ಕಿತು. ಕುತೂಹಲ ಮಾತ್ರ ಹಾಗೇ ಉಳಿದಿತ್ತು.

ಅಂದು ಬೆಳಿಗ್ಗೆ ಬಸ್ಸಿನಲ್ಲೇ ಆರು ಬಾಗಿಲು ದಾಟಿದ. ಹಾವು ಎದುರಾಗುವುದಕ್ಕೂ ಸ್ಟ್ಯಾಂಡು ಬರುವುದಕ್ಕೂ ಸರಿಹೋಯಿತು. ಆಟ ಸೇವ್ ಮಾಡಿ ಫೋನು ಜೇಬಿಗಿಡಬಹುದೆಂಬ ನಂಬಿಕೆ ಅವನಿಗಿರಲಿಲ್ಲ; ಕ್ಯಾಸೆಟ್ಟಿನ ಕಾಲದವನಿಗೆ ಆರಿದರೆ ಹೋಯಿತೆಂದೇ ಲೆಕ್ಕ. ಹೋದ ವಾರ ಮಾವನ ಕರೆ ಬಂದು ಐದು ಬಾಗಿಲು ಒಮ್ಮೆಲೇ ನೀರುಪಾಲಾಗಿದ್ದವು. ಹಾಗಾಗಿ ಪಾಜ್ ಒತ್ತಿ, ಕರೆ ಬಾರದಂತೆ ವಿಮಾನದ ಗುರುತು ಒತ್ತಿ, ಸ್ಕ್ರೀನು ಆರದಂತೆ ಹೆಬ್ಬೆರಳಿನಿಂದ ಸವರುತ್ತ, ತುಂಬಿದ ಹಾಲಿನ ಲೋಟ ಹಿಡಿದವನಂತೆ ಆಫೀಸಿಗೆ ಬಂದ.

ಮೊನ್ನೆಯಷ್ಟೇ ಪೊಲೀಸರು ಸೊಸೈಟಿಗೆ ಬಂದು ಡಿಜಿಟಲ್ ಅರೆಸ್ಟ್ ಬಗ್ಗೆ ಭಾಷಣ ಮಾಡಿ ಹೋಗಿದ್ದರು. ಪೊಲೀಸರ ವೇಷದ ಕಳ್ಳರು ವಿಡಿಯೋ ಕಾಲ್ ಮಾಡಿ, ಫೋನು ಕೆಳಗಿಡಬೇಡ, ಯಾರೊಂದಿಗೂ ಮಾತಾಡಬೇಡ ಎಂದು ಹೆದರಿಸಿ ಕೂರಿಸುತ್ತಾರಂತೆ. ಸಿಕ್ಕಿಬಿದ್ದವನು ಬೆವರುತ್ತಾನಂತೆ, ಫೋನು ಬಿಡುವುದೇ ಇಲ್ಲವಂತೆ. ಕ್ಯಾಶಿಯರ್ ಜಯಶ್ರೀ ಅದನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಯಾರಾದರೂ ಸಿಕ್ಕಾರೇ ಎಂದು ಕಾಯುತ್ತಿದ್ದಳು.

“ದುರ್ಗೇಶಣ್ಣ, ಮುಂಜಾನಿಂದ ನಿಮ್ಮ ಫೋನ ಹತ್ತವಲ್ದಲ್ಲರಿ?”

“ಆಮ್ಯಾಲ ಹೇಳ್ತೇನಿ.”

“ಅದನ್ನ ಒಂಚೂರು ಟೇಬಲ್ ಮ್ಯಾಲರ ಇಡ್ರಿ.”

“ಇಟ್ಟರ ಎಲ್ಲಾ ಹೋಗ್ತೈತಿ!” ದುರ್ಗೇಶ ಚೀರಿದ.

ಜಯಶ್ರೀ ಸಿಪಾಯಿ ಮೆಹಬೂಬನ ಮುಖ ನೋಡಿದಳು. ಅಷ್ಟರಲ್ಲಿ ದುರ್ಗೇಶ ಎದ್ದು ರೆಕಾರ್ಡ್ ರೂಮು ಹೊಕ್ಕು ಚಿಲಕ ಹಾಕಿಕೊಂಡ. ಹೊರಗೆ ಜನ ಸೇರಿತು. ಗೊಬ್ಬರಕ್ಕೆಂದು ಬಂದಿದ್ದ ಅನ್ನವ್ವ ಬಾಗಿಲಿಗೆ ಬಾಯಿಟ್ಟು ಕೂಗಿದಳು: “ತಮ್ಮಾ, ಹೆದರಬ್ಯಾಡೋ! ಅವರು ಪೊಲೀಸ್ರಲ್ಲ!”

“ಯಾರು?” ಒಳಗಿನಿಂದ ದುರ್ಗೇಶ ಕೇಳಿದ. ಹಾವು ಆಗ ಬೆಂಕಿ ಉಗುಳುತ್ತಿತ್ತು.

“ನಿನ್ನ ಹಿಡಕೊಂಡಾರಲ್ಲ, ಅವರು!”

“ನನ್ನ ಯಾರೂ ಹಿಡಕೊಂಡಿಲ್ಲ ಬೇ, ಸುಮ್ಮನ ಹೋಗು!”

“ಹಂಗ ಹೇಳು ಅಂತ ಅವರ ಕಲಿಸಿರ್ತಾರ,” ಎಂದು ಜಯಶ್ರೀ ನೆರೆದವರಿಗೆ ವಿವರಿಸಿದಳು. ಅನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೆಹಬೂಬ ಬಾಗಿಲಿಗೆ ಭುಜ ಕೊಟ್ಟ. ಸೊಸೈಟಿ ಹುಟ್ಟಿದಾಗಿನ ಚಿಲಕ, ಎರಡನೇ ಗುದ್ದಿಗೆ ಕಿತ್ತು ಬಂತು. ಹಾವಿಗೆ ಇನ್ನೊಂದೇ ಪೆಟ್ಟು ಬಾಕಿ ಇತ್ತು. ದುರ್ಗೇಶ ಪಾಜ್ ಒತ್ತಿದ್ದೊಂದೇ ಬಂತು, ಫೋನು ಮೆಹಬೂಬನ ಕೈಸೇರಿತು. ಗದ್ದಲ ಕೇಳಿ ಸೆಕ್ರೆಟರಿ ಗುತ್ತೆಪ್ಪನವರು ಹೊರಬಂದರು.

ಗುತ್ತೆಪ್ಪನವರಿಗೆ ಇಂಥ ಫೋನೆಂದರೆ ಆಗದು. ತಾವಿನ್ನೂ ಗುಂಡಿ ಒತ್ತುವ ಫೋನೇ ಇಟ್ಟುಕೊಂಡವರು. ಕೆಲಸದ ವೇಳೆ ಆಟ ಆಡಿದ ಹಿಂದಿನ ಕ್ಲರ್ಕನನ್ನು ದೂರದ ದುಂಡಸಿಯ ಶಾಖೆಗೆ ಎತ್ತಿ ಒಗೆದಿದ್ದರು. ದುರ್ಗೇಶನಿಗೆ ಈಗ ಎರಡೇ ದಾರಿ: ಮೋಸಹೋದ ಮಂಕ ಅನ್ನಿಸಿಕೊಳ್ಳುವುದು, ಇಲ್ಲವೇ ದುಂಡಸಿಯ ಬಸ್ಸು ಹತ್ತುವುದು.

“ಖರೇನೇನೋ? ಕಳ್ಳರು ಹಿಡಕೊಂಡಿದ್ರೇನು?”

“ಹೌದ್ರಿ ಸರ,” ಎಂದ ದುರ್ಗೇಶ ನೆಲ ನೋಡುತ್ತ.

ಗುತ್ತೆಪ್ಪನವರು ಚಾಳೀಸು ಏರಿಸಿ ಸ್ಕ್ರೀನು ನೋಡಿದರು. ಬೇಕಾದದ್ದಕ್ಕಿಂತ ತುಸು ಹೆಚ್ಚೇ ನೋಡಿದರು. “ಇದು ಸಾಕ್ಷಿ. ಯಾರೂ ಮುಟ್ಟಬ್ಯಾಡ್ರಿ. ನಾನ ವಿಚಾರಣಿ ಮಾಡ್ತೇನಿ,” ಎಂದು ಚೇಂಬರಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಧ್ಯಾಹ್ನವಾಯಿತು. ಸಾಹೇಬರ ಊಟದ ಡಬ್ಬಿ ತೆರೆಯದೇ ಉಳಿಯಿತು. ಆಗಾಗ ಒಳಗಿನಿಂದ “ಮತ್ತ ಮೊದಲಿಂದ ಬಾ ಅಂತೀಯೇನಲೇ!” ಎಂಬ ಬೈಗುಳ ಕೇಳುತ್ತಿತ್ತು. “ಕಳ್ಳರನ್ನ ಹೆಂಗ ಜಾಡಸಾಕತ್ತಾರ ನೋಡ್ರಿ,” ಎಂದು ಮೆಹಬೂಬ ಹೆಮ್ಮೆಯಿಂದ ಚಹಾ ಹಂಚಿದ. ದುರ್ಗೇಶನ ಹೆಂಡತಿ ವಿದ್ಯಾಶ್ರೀ ಸುದ್ದಿ ತಿಳಿದು ಜಯಶ್ರೀಯ ಫೋನಿಗೇ ಕರೆ ಮಾಡಿ, ಮೊದಲು ಅತ್ತು, ಆಮೇಲೆ ಗಂಡನನ್ನು ಮನಸಾರೆ ಬೈದಳು. ಅದನ್ನೂ ಅವನು ನುಂಗಿಕೊಂಡ. ಅವನ ಜೀವವೆಲ್ಲ ಆ ಮುಚ್ಚಿದ ಚೇಂಬರಿನಲ್ಲಿತ್ತು.

ಆಫೀಸು ಮುಚ್ಚುವ ಹೊತ್ತಿಗೆ ಗುತ್ತೆಪ್ಪನವರು ಹೊರಬಂದರು. ಕಣ್ಣು ಕೆಂಪಾಗಿದ್ದವು, ಹೆಬ್ಬೆರಳು ಬಾತಿತ್ತು. “ಮುಗಿಸೇನಿ,” ಎಂದಷ್ಟೇ ಹೇಳಿ ಫೋನು ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ದುರ್ಗೇಶ ಮೂಲೆಗೆ ಸರಿದು ನೋಡಿದ. ಏಳನೇ ಬಾಗಿಲು ಹಾರುಹೊಡೆದಿತ್ತು. ಹಾವು ಸತ್ತು ಬಿದ್ದಿತ್ತು. ಬಾಗಿಲಿಗೆ ಅಡ್ಡನಿಂತು ಗೆದ್ದವರಿಗೆ ಅಭಿನಂದನೆ ಹೇಳುವ ಅಕ್ಷರಗಳು ಮಿಣುಮಿಣುಕಿ, ಅವನು ಕಣ್ಣು ಹಿಗ್ಗಿಸುವಷ್ಟರಲ್ಲಿ ಮಾಯವಾಗಿ, ಮೊದಲನೇ ಬಾಗಿಲು ಬಂದು ನಿಂತಿತು. ಓಡಿಹೋಗಿ ಸ್ಕೂಟರಿನ ಹತ್ತಿರ ಸೆಕ್ರೆಟರಿಯನ್ನು ಹಿಡಿದ.

“ಸರ... ಆ ಏಳನೇ ಬಾಗಲದ ಹಿಂದ ಏನಿತ್ತರಿ?”

“ಯಾವ ಬಾಗಲಾ?” ಗುತ್ತೆಪ್ಪನವರ ಹುಬ್ಬು ಗಂಟಿಕ್ಕಿತು. “ಆಫೀಸಿನ್ಯಾಗ ಆಟ ಆಡಾಕತ್ತಿದ್ದೇನು ನೀ?”

“ಇಲ್ಲರಿ ಸರ... ಕಳ್ಳರು...”

“ಮತ್ತ?”

ಗುತ್ತೆಪ್ಪನವರು ಸ್ಕೂಟರ್ ಚಾಲು ಮಾಡಿ, ಎರಡು ಮಾರು ಹೋಗಿ, ತಿರುಗಿ ನೋಡಿದರು.

“ಆ ಫೋನಿನ್ಯಾಗ ಇನ್ನೂ ಭಾಳ ಗ್ಯಾಂಗ್ ಅದಾವು. ನಾಳೆ ಬರೋವಾಗ ಚಾರ್ಜರ್ ತಗೊಂಡ ಬಾ. ವಿಚಾರಣಿ ಮುಗದಿಲ್ಲ.”